ಬೈರಣ್ಣ ಆಡದ ಮಾತು

ಜಯನಗರ ನಾಲ್ಕನೇ ಬ್ಲಾಕ್, ಬೆಂಗಳೂರು
೧೨ ಅಕ್ಟೋಬರ್ ೧೯೬೪

ಮಗು ರೇವಣಸಿದ್ದಪ್ಪ,

ನಮ್ಮ ನಾಟಕದ ಕಂಪನಿಯಲ್ಲಿ ಮೂರನೆಯ ಗಂಟೆ ಬಾರಿಸಿದ ಮೇಲೆ ಪರದೆ ಏಳಲೇಬೇಕು. ರಾಜನ ಮೀಸೆ ಅಂಟಿರಲಿ ಬಿಡಲಿ, ರಾಣಿಯ ವೇಷದವನಿಗೆ ಚಳಿಜ್ವರವಿರಲಿ ಬಿಡಲಿ, ಏಳಲೇಬೇಕು. ಯುಗಾದಿಗೆ ಬಾ ಎಂದು ಬರೆದೆ, ಅದು ಒಂದನೆಯ ಗಂಟೆ. ಗೌರಿಹಬ್ಬಕ್ಕೆ ಬಾ ಎಂದು ಬರೆದೆ, ಎರಡನೆಯದು. ಈಗ ದೀಪಾವಳಿಗೆ ಬಾ ಎನ್ನುತ್ತಿದ್ದೇನೆ. ನೀನು ಈ ಹೊಸ್ತಿಲು ದಾಟಿ ಹೋಗಿ ಒಂದೂವರೆ ವರ್ಷದ ಮೇಲಾಯಿತು. ಜಬಲ್ಪುರದಿಂದ ಬೆಂಗಳೂರಿಗೆ ರೈಲು ನಿಂತುಹೋಗಿದೆ ಎಂದು ಯಾವ ಪೇಪರಿನಲ್ಲೂ ಬಂದಿಲ್ಲ.

ನಾನು ಕ್ಷೇಮ. ತಿರುಮಲೇಶನ ಮನೆಯ ಹಿಂದಿನ ಅದೇ ಕೋಣೆ. ಅವನು ಕಾರು ಕೊಂಡರೆ ನಿಲ್ಲಿಸಲೆಂದು ಕಟ್ಟಿಸಿದ್ದು. ಇನ್ಶೂರೆನ್ಸ್ ಆಫೀಸಿನ ಗುಮಾಸ್ತ ಕಾರು ಕೊಳ್ಳುವವರೆಗೆ ನಾನೇ ಅವನ ಕಾರು. ಈ ಬಡಾವಣೆಯಲ್ಲಿ ಸೈಟುಗಳಿಗೆ ಕಲ್ಲು ನೆಟ್ಟಿದ್ದಾರೆ, ಅರ್ಧ ಮನೆಗಳು ಇನ್ನೂ ಹುಟ್ಟಬೇಕು. ಸಂಜೆ ಹೊತ್ತು ನಾನೊಮ್ಮೆ ಕೆಮ್ಮಿದರೆ ಲಾಲ್‌ಬಾಗಿನ ಬಂಡೆ ತಿರುಗಿ ಕೆಮ್ಮುತ್ತದೆ. ಮಾತಿಗೆ ಉತ್ತರ ಕೊಡುವುದು ಅದೊಂದೇ. ಶಾಲೆಯ ಮಕ್ಕಳಿಗೆ ವಾರ್ಷಿಕೋತ್ಸವದ ನಾಟಕ ಕಲಿಸುತ್ತಿದ್ದೇನೆ. ಈಗಿನ ಮಕ್ಕಳಿಗೆ ಹೊಟ್ಟೆಯಿಂದ ಧ್ವನಿ ಬರುವುದಿಲ್ಲ. ಮೂಗಿನಲ್ಲಿ ರಾಜ್ಯಭಾರ ಮಾಡುತ್ತಾರೆ.

ಶನಿವಾರ ಮಾತ್ರ ನನ್ನ ಸಭೆ ತುಂಬುತ್ತದೆ. ಸಭೆ ಎಂದರೆ ಒಬ್ಬಳೇ, ಹೊಸಕೆರೆಹಳ್ಳಿಯ ಮುನಿವೆಂಕಟಮ್ಮ. ನಿನ್ನ ಜೊತೆ ಒಂದೇ ದಿನ ಸೈನ್ಯಕ್ಕೆ ಸೇರಿ, ಚೀನೀ ಯುದ್ಧದಿಂದ ಹಿಂದಿರುಗದೆ ಉಳಿದ ನಮ್ಮ ಬೈರಣ್ಣನ ತಾಯಿ. ಬುಟ್ಟಿಯ ಸೊಪ್ಪು ಮಾರಿ ಮುಗಿಸಿ ನನ್ನ ಮೆಟ್ಟಿಲ ಮೇಲೆ ಕೂರುತ್ತಾಳೆ. ಎಲೆಅಡಿಕೆ ಹಾಕಿಕೊಂಡು, “ಸ್ವಾಮಿ, ಇನ್ನೊಂದ್ ಸಲ ಹೇಳಿ” ಎನ್ನುತ್ತಾಳೆ. ನಾನು ಎದ್ದು ನಿಂತು ಹೇಳುತ್ತೇನೆ. ಹಿಮದ ಬೆಟ್ಟ, ಸುತ್ತ ಶತ್ರು, ಎದೆಗೆ ಗುಂಡು ತಗುಲಿದ ಬೈರಣ್ಣ ನಿನ್ನ ತೊಡೆಯ ಮೇಲೆ ತಲೆಯಿಟ್ಟು, “ನನ್ನ ತಾಯಿಗೆ ಹೇಳು ರೇವಣ್ಣ, ಅವಳ ಹಾಲಿನ ಋಣವನ್ನು ಈ ಬೆಟ್ಟದ ಮೇಲೆ ತೀರಿಸಿದ್ದೇನೆ” ಎಂದು ನುಡಿಯುತ್ತಾನೆ. ಅವಳು ಸೆರಗಿನಲ್ಲಿ ಮುಖ ಒರೆಸಿಕೊಂಡು ಎದ್ದು ಹೋಗುತ್ತಾಳೆ. ಮುಂದಿನ ಶನಿವಾರ ಮತ್ತೆ ಬರುತ್ತಾಳೆ.

ನಿನಗೆ ನೆನಪಿದೆ. ನಿನಗೆ ಸನ್ಮಾನವಿಟ್ಟ ದಿನ ನಾನು ಆಡಿದ ಮಾತೇ ಅದು. ಶಾಲೆಯ ವೇದಿಕೆ, ಕೊರಳಿಗೆ ಸೇವಂತಿಗೆ ಹಾರ, ಎದುರಿಗೆ ಬಡಾವಣೆಗೆ ಬಡಾವಣೆಯೇ ಕೂತಿದೆ, ಮುಂದಿನ ಸಾಲಿನಲ್ಲಿ ಆ ತಾಯಿ. “ಯುದ್ಧದ ಬಗ್ಗೆ ನಾಲ್ಕು ಮಾತು” ಎಂದರು. ನೀನು ಬಾಯಿ ಬಿಡಲಿಲ್ಲ. ಮಾತು ಮರೆತ ನಟನಿಗೆ ಪಕ್ಕದ ಪರದೆಯ ಹಿಂದಿನಿಂದ ಮಾತು ಕೊಡುವುದು ಕಂಪನಿಯ ಧರ್ಮ. ನಾನು ಮೈಕಿನ ಮುಂದೆ ಬಂದು ಕೊಟ್ಟೆ. ಸಭೆ ಎದ್ದು ನಿಂತು ಚಪ್ಪಾಳೆ ತಟ್ಟಿತು. ಮಾರನೆಯ ಬೆಳಗ್ಗೆ ನೀನು ರಜೆ ಮುಗಿಯುವ ಮೊದಲೇ ಟ್ರಂಕು ಎತ್ತಿಕೊಂಡು ಹೊರಟೆ. ನಾನು ಏನು ತಪ್ಪಿ ನುಡಿದೆನೋ ನೀನು ಹೇಳಲಿಲ್ಲ.

ದೀಪಾವಳಿಗೆ ಬಾ. ಮುನಿವೆಂಕಟಮ್ಮನೂ ಕೇಳುತ್ತಿದ್ದಾಳೆ, “ಬುದ್ಧಿಯೋರು ಯಾವಾಗ್ ಬರ್ತಾರೆ” ಎಂದು.

ನಿನ್ನ ದಾರಿ ನೋಡುತ್ತಿರುವ ತಂದೆ,
ಗಂಗಾಧರಯ್ಯ


ಜಬಲ್ಪುರ
೨೬ ಅಕ್ಟೋಬರ್ ೧೯೬೪

ಅಪ್ಪಾ, ನಮಸ್ಕಾರ.

ಪತ್ರ ತಲುಪಿತು. ದೀಪಾವಳಿಗೆ ರಜೆ ಸಿಗುತ್ತದೆ, ಆದರೆ ನಾನು ಬರುವುದಿಲ್ಲ. ಸುಳ್ಳು ಕಾರಣ ಬರೆಯಬಾರದೆಂದು ಹೀಗೆ ಬರೆದಿದ್ದೇನೆ.

ನೀವು ಹೇಳುವ ಆ ಮಾತನ್ನು ಬೈರಣ್ಣ ಆಡಿಲ್ಲ. ನನ್ನ ತೊಡೆಯ ಮೇಲೆ ಅವನು ತಲೆ ಇಟ್ಟಿರಲಿಲ್ಲ. ನಾನು ಬಂದರೆ ಅವನ ತಾಯಿ ಮೆಟ್ಟಿಲ ಮೇಲೆ ಕೂತಿರುತ್ತಾರೆ. ನನ್ನ ಬಾಯಿಂದಲೂ ಅದನ್ನೇ ಕೇಳುತ್ತಾರೆ. ಹೌದು ಎಂದರೂ ತಪ್ಪು, ಇಲ್ಲ ಎಂದರೂ ತಪ್ಪು. ಇಲ್ಲಿ ಇದ್ದರೆ ಯಾವುದನ್ನೂ ಹೇಳಬೇಕಾಗಿಲ್ಲ.

ಹೆಚ್ಚು ಕೇಳಬೇಡಿ. ಚಳಿ ಶುರುವಾಗಿದೆ. ಆರೋಗ್ಯ ಚೆನ್ನಾಗಿದೆ.

ರೇವಣಸಿದ್ದಪ್ಪ


ಜಯನಗರ
೨೯ ನವೆಂಬರ್ ೧೯೬೪

ರೇವಣ್ಣ,

ನಿನ್ನ ಪತ್ರ ಓದಿ ನನಗೆ ಬಂದ ಸಿಟ್ಟಿಗೆ ರಂಗಸ್ಥಳ ಸಾಲುತ್ತಿರಲಿಲ್ಲ. ಮೂರು ಉತ್ತರ ಬರೆದು ಮೂರನ್ನೂ ಒಲೆಗೆ ಹಾಕಿದೆ. ಹೆತ್ತ ತಾಯಿಗೆ ಸಮಾಧಾನ ಹೇಳಿದ್ದು ತಪ್ಪೇ, ಮಗ ಹೇಗೆ ಸತ್ತ ಎಂದು ಗೊತ್ತಿಲ್ಲದವಳಿಗೆ ಒಂದು ಸಾವನ್ನು ಚಂದ ಮಾಡಿ ಕೊಟ್ಟಿದ್ದು ತಪ್ಪೇ ಎಂದೆಲ್ಲ ಬರೆದಿದ್ದೆ. ಈ ನಾಲ್ಕನೆಯದು ಬೇರೆ ಪತ್ರ. ಮಧ್ಯದಲ್ಲಿ ಒಂದು ಭಾನುವಾರ ನಡೆದುಹೋಯಿತು.

ನಮ್ಮ ತಿರುಮಲೇಶ ವಾರಕ್ಕೆ ಆರು ದಿನ ಗುಮಾಸ್ತ, ಏಳನೆಯ ದಿನ ಸಿನಿಮಾ ದೊರೆ. ಫಿಲಂ ಸೊಸೈಟಿ ಎಂದು ಒಂದು ಕಟ್ಟಿಕೊಂಡು, ಬೊಂಬಾಯಿಯಿಂದ ರೈಲಿನಲ್ಲಿ ಬರುವ ತಗಡಿನ ಡಬ್ಬಿಗಳನ್ನು ಶಾಲೆಯ ಸಭಾಂಗಣದಲ್ಲಿ ತೋರಿಸುತ್ತಾನೆ. ಈ ಚಳಿಗಾಲ ಇಸ್ರೇಲ್ ದೇಶದ ಚಿತ್ರಗಳಂತೆ. ಆ ದೇಶಕ್ಕೆ ನಿನಗಿಂತ ಕಡಿಮೆ ವಯಸ್ಸು.

“ಬನ್ನಿ ಸಾರ್, ಯುದ್ಧದ ಪಿಕ್ಚರು, ನಿಮ್ಮ ಸಬ್ಜೆಕ್ಟು” ಎಂದ.

“ಗದೆ ಇದೆಯೇನಯ್ಯಾ?”

“ಗದೆ ಇಲ್ಲ ಸಾರ್, ಕಿತ್ತಳೆಹಣ್ಣಿದೆ.”

ತಮಾಷೆ ಎಂದುಕೊಂಡೆ. ನಿಜವಾಗಿಯೂ ಕಿತ್ತಳೆಹಣ್ಣೇ ಇತ್ತು. ಒಂದು ತೋಟ, ಅದರಲ್ಲಿ ಏಳೆಂಟು ಜನ ಸೈನಿಕರು. ಮೇಲಿನವರ ಅಪ್ಪಣೆಗೆ ಕಾಯುತ್ತಿದ್ದಾರೆ. ಕಾಯುತ್ತಾರೆ, ಕಾಯುತ್ತಲೇ ಇದ್ದಾರೆ. ಒಬ್ಬ ಹಣ್ಣು ಸುಲಿಯುತ್ತಾನೆ. ಇನ್ನೊಬ್ಬ ಬೂಟು ಬಿಚ್ಚಿ ಕಾಲುಬೆರಳ ಸಂದಿಯ ಮಣ್ಣು ತೆಗೆಯುತ್ತಾನೆ. ಅವರ ಭಾಷೆ ನನಗೆ ಬಾರದು. ಕೆಳಗೆ ಓಡುವ ಇಂಗ್ಲಿಷು ನಾನು ಕನ್ನಡಕ ಸರಿಪಡಿಸುವಷ್ಟರಲ್ಲಿ ಮಾಯ. ತಿರುಮಲೇಶನ ತಂಗಿ ಕಾತ್ಯಾಯಿನಿ ಪಕ್ಕದಲ್ಲಿ ಕೂತು ಪಿಸುಮಾತಿನಲ್ಲಿ ಕನ್ನಡ ಮಾಡುತ್ತಿದ್ದಳು.

“ಏನಂತೆ?” ಎಂದು ಕೇಳಿದೆ.

“ಹಣ್ಣು ಹುಳಿ ಅಂತಿದಾನೆ.”

“ಈಗೇನಂತೆ?”

“ಅವನ ತಂಗಿಗೆ ಗಂಡು ನೋಡಿದಾರಂತೆ.”

ಇದೇನು ಯುದ್ಧವಪ್ಪಾ, ನನ್ನ ಕಂಪನಿಯಾಗಿದ್ದರೆ ಈ ಹೊತ್ತಿಗೆ ಜನ ಕುರ್ಚಿ ಎಸೆಯುತ್ತಿದ್ದರು ಎಂದುಕೊಂಡೆ. ಅಷ್ಟರಲ್ಲಿ ಎಲ್ಲಿಂದಲೋ ಒಂದು ಸದ್ದು, ಒಣಕಡ್ಡಿ ಮುರಿದ ಹಾಗೆ. ಬೂಟು ಬಿಚ್ಚಿದ ಹುಡುಗ ಮರಕ್ಕೆ ಒರಗಿದ. ಅಷ್ಟೇ. ಹಣ್ಣು ಸುಲಿಯುತ್ತಿದ್ದವನು ನೋಡಲೇ ಇಲ್ಲ. ತಂಗಿಯ ಮದುವೆಯ ಮಾತು ಆಡುತ್ತಲೇ ಇದ್ದಾನೆ, ಒಂದು ತೊಳೆ ಬಿಡಿಸಿ ಅವನ ಕಡೆಗೆ ಕೈ ಚಾಚುತ್ತಾನೆ. ತೆಗೆದುಕೊಳ್ಳುವವರಿಲ್ಲ.

ರೇವಣ್ಣ, ಚಕ್ರವ್ಯೂಹದಲ್ಲಿ ಸಿಕ್ಕ ಬಾಲವೀರನ ಪಾತ್ರದಲ್ಲಿ ನಾನು ಸತ್ತಷ್ಟು ಸಲ ಯಾರೂ ಸತ್ತಿರಲಾರರು. ಒಂದೊಂದು ಸಲ ಸಾಯುವುದಕ್ಕೂ ಮುಕ್ಕಾಲು ಗಂಟೆ, ಮಧ್ಯೆ ಕಂದಪದ್ಯಗಳು, ತಾಯಿಗೊಂದು ಹಾಡು, ಮಾವನಿಗೊಂದು ಹಾಡು. ಜನ “ಒನ್ಸ್ ಮೋರ್” ಎಂದರೆ ಸತ್ತವನು ಎದ್ದು ಧೂಳು ಕೊಡವಿ, ಹಾಡನ್ನು ಮೊದಲಿನಿಂದ ಹೇಳಿ ಇನ್ನೊಮ್ಮೆ ಸಾಯಬೇಕು. ದಾವಣಗೆರೆಯಲ್ಲಿ ಒಂದೇ ರಾತ್ರಿ ನಾಲ್ಕು ಸಲ ಎಬ್ಬಿಸಿದ್ದರು. ಅದು ನಮ್ಮ ಪದ್ಧತಿ.

ಆ ಹುಡುಗ ಮರಕ್ಕೆ ಒರಗಿದನಲ್ಲ, ನಾನು ನನಗೆ ತಿಳಿಯದೆಯೇ ಎದ್ದು ನಿಂತಿದ್ದೆ. ಹೊಟ್ಟೆಯಿಂದ ಧ್ವನಿ ಎತ್ತಿ “ಒನ್ಸ್ ಮೋರ್” ಎಂದುಬಿಟ್ಟೆ. ಇಡೀ ಸಭಾಂಗಣವೇ ನಡುಗಿತು.

“ಯಾರ್ರೀ ಅದು, ಸತ್ತೋನಿಗೆ ಒನ್ಸ್ ಮೋರ್ ಅನ್ನೋದು?” ಎಂದರು ಹಿಂದಿನಿಂದ. “ಯಾರಾದ್ರೂ ಕರ್ಕೊಂಡ್ ಹೋಗಿ ಕಾಫಿ ಕುಡಿಸ್ರಪ್ಪಾ ಅವರಿಗೆ” ಎಂದ ಇನ್ನೊಬ್ಬ. ನಗು. ತಿರುಮಲೇಶ ಮೆಷಿನ್ನು ನಿಲ್ಲಿಸಿ ಬಂದು ನನ್ನ ಭುಜ ಹಿಡಿದ. “ಸಾರ್, ಇದು ಕಂಪನಿ ನಾಟಕ ಅಲ್ಲ. ಅವನು ಏಳಲ್ಲ” ಎಂದ. ಬೈಯಲಿಲ್ಲ, ಮೆಲ್ಲಗೇ ಹೇಳಿದ. ಅವರೆಲ್ಲ ನಾನು ಅಪಹಾಸ್ಯ ಮಾಡಿದೆ ಎಂದುಕೊಂಡರು. ನನಗೆ ಬೇಕಾಗಿದ್ದದ್ದು ಅವನು ಏಳುವುದು. ಎದ್ದು ಬೂಟು ಹಾಕಿಕೊಳ್ಳುವುದು.

ನಿನ್ನೆ ಶನಿವಾರ. ಮುನಿವೆಂಕಟಮ್ಮ ಬಂದಳು, ಕೂತಳು, ಎಲೆಗೆ ಸುಣ್ಣ ಹಚ್ಚಿದಳು, “ಹೇಳಿ ಸ್ವಾಮಿ” ಎಂದಳು. ಎದ್ದು ನಿಂತೆ. ಹಿಮದ ಬೆಟ್ಟ ಎಂದೆ. ಮುಂದಿನ ಮಾತು ಬಾಯಿಗೆ ಬಂತು, ಆದರೆ ಕಣ್ಣ ಮುಂದೆ ಆ ಚಾಚಿದ ಕೈ. “ಗಂಟಲು ಕೆಟ್ಟಿದೆಯಮ್ಮ” ಎಂದು ಕೂತುಬಿಟ್ಟೆ. ನನ್ನ ಆಯುಷ್ಯದಲ್ಲಿ ಮೊದಲ ಸಲ ಆಟ ನಿಲ್ಲಿಸಿದ್ದೇನೆ.

ನೀನು ವೇದಿಕೆಯ ಮೇಲೆ ಮಾತು ಮರೆತಿರಲಿಲ್ಲ, ಅಲ್ಲವೇ?

ಗಂಗಾಧರಯ್ಯ


ಜಯನಗರ
೧೨ ಜನವರಿ ೧೯೬೫

ರೇವಣ್ಣ,

ಒಂದೂವರೆ ತಿಂಗಳಾಯಿತು, ಉತ್ತರವಿಲ್ಲ. ಪೋಸ್ಟ್‌ಮ್ಯಾನ್ ಕೊಟ್ರಪ್ಪ ದೂರದಿಂದಲೇ ಕೈ ಅಲ್ಲಾಡಿಸಿ ಸೈಕಲ್ಲು ತಿರುಗಿಸುತ್ತಾನೆ. ಕೇಳಬಾರದ್ದನ್ನು ಕೇಳಿದೆನೇನೋ. ಬಿಡು. ಇದು ಸುದ್ದಿಯ ಪತ್ರವಷ್ಟೆ, ಪ್ರಶ್ನೆಯಿಲ್ಲ.

ನನ್ನ ಗಂಟಲು ಇನ್ನೂ ಕೆಟ್ಟೇ ಇದೆ ಎಂದು ಮುನಿವೆಂಕಟಮ್ಮ ನಂಬಿದ್ದಾಳೆ. ಪ್ರತಿ ಶನಿವಾರ ಮೆಣಸು, ಜೀರಿಗೆ, ದೊಡ್ಡಪತ್ರೆ ಸೊಪ್ಪು ತರುತ್ತಾಳೆ. ಕಥೆ ಕೇಳುವುದಿಲ್ಲ. ಅರ್ಧ ಗಂಟೆ ಸುಮ್ಮನೆ ಕೂತು ಹೋಗುತ್ತಾಳೆ. ಇಬ್ಬರು ಒಂದು ಮೆಟ್ಟಿಲ ಮೇಲೆ ಅಷ್ಟು ಹೊತ್ತು ಮಾತಿಲ್ಲದೆ ಕೂರುವುದು ನನಗೆ ಎಷ್ಟು ಕಷ್ಟ ಎಂದು ನಿನಗೆ ಗೊತ್ತು.

ಮೊನ್ನೆ ಭಾನುವಾರ ಆ ಇಸ್ರೇಲ್ ದೇಶದ ಇನ್ನೊಂದು ಚಿತ್ರವಿತ್ತು. ತಿರುಮಲೇಶ ಬಾಗಿಲಲ್ಲೇ ತಡೆದ. “ಸಾರ್, ದಯವಿಟ್ಟು ಈ ಸಲ ಯಾರನ್ನೂ ಎಬ್ಬಿಸಬೇಡಿ.” ನಾನು ಬಾಯಿಗೆ ಟವೆಲು ಸುತ್ತಿಕೊಂಡು ತೋರಿಸಿದೆ. ಮುನಿವೆಂಕಟಮ್ಮನನ್ನೂ ಕರೆದುಕೊಂಡು ಹೋಗಿದ್ದೆ. ಯಾಕೆ ಕರೆದೆ ಎಂದರೆ ಹೇಳಲಾರೆ. ಅವಳಿಗೆ ಹೇಳಬೇಕಾದದ್ದನ್ನು ಇನ್ನೊಬ್ಬರು ಹೇಳಲಿ ಎಂಬ ಹೇಡಿತನವಿರಬಹುದು.

ಈ ಚಿತ್ರದಲ್ಲಿ ಗುಂಡಿನ ಸದ್ದೇ ಇಲ್ಲ. ಯುದ್ಧ ಮುಗಿದಿದೆ. ಒಬ್ಬ ಸೈನಿಕ ಬಸ್ಸಿಳಿದು ಒಂದು ಹಳ್ಳಿಗೆ ಬರುತ್ತಾನೆ. ಸತ್ತ ಗೆಳೆಯನ ತಾಯಿಯ ಮನೆ. ಆಕೆ ಬಾಗಿಲು ತೆಗೆದು ಅವನನ್ನು ನೋಡುತ್ತಾಳೆ, ಒಳಗೆ ಕರೆಯುತ್ತಾಳೆ, ಊಟ ಬಡಿಸುತ್ತಾಳೆ. ಅವನು ತಲೆ ತಗ್ಗಿಸಿ ಉಣ್ಣುತ್ತಾನೆ. ಈಗ ಹೇಳುತ್ತಾನೆ, ಈಗ ಹೇಳುತ್ತಾನೆ ಎಂದು ನಾನು ಕುರ್ಚಿಯ ತುದಿಗೆ ಬಂದಿದ್ದೇನೆ. ಅವನು ಹೇಳುವುದಿಲ್ಲ, ಆಕೆ ಕೇಳುವುದಿಲ್ಲ. ಕೊಟ್ಟಿಗೆಗೆ ಹೋಗಿ ಇಬ್ಬರೂ ಹಾಲು ಕರೆಯುತ್ತಾರೆ.

ಅಲ್ಲಿ ಮುನಿವೆಂಕಟಮ್ಮ ಬಾಯಿ ತೆರೆದಳು, ಸಾಕಷ್ಟು ಜೋರಾಗಿಯೇ. “ಆ ಯಮ್ಮಂಗೆ ಹಾಲ್ ಕರೆಯಕ್ಕೆ ಯಾರ್ ಕಲಿಸಿದ್ದು? ಹಂಗ್ ಎಳೆದ್ರೆ ಹಸ ಒದೀದೆ ಬಿಡುತ್ತಾ?”

“ಶ್, ಅದು ಆಕ್ಟಿಂಗ್ ಅಮ್ಮ” ಎಂದಳು ಕಾತ್ಯಾಯಿನಿ.

“ಹಸಾನೂ ಆಕ್ಟಿಂಗಾ?”

ಸುತ್ತ ನಕ್ಕರು. ಅವಳು ನಗಲಿಲ್ಲ. ಹುಡುಗ ಬಸ್ಸು ಹತ್ತಿ ಹೋಗುವವರೆಗೆ ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿ ಬಿಚ್ಚಿ, ಸುತ್ತಿ ಬಿಚ್ಚಿ ಕೂತಿದ್ದಳು. ಮುಗಿದ ಮೇಲೆ ಕೇಳಿದಳು. “ಇವರು ಯಾರ್ ಮ್ಯಾಲೆ ಯುದ್ಧ ಮಾಡಿದ್ದು?” ಅರಬರ ಮೇಲೆ ಎಂದಳು ಕಾತ್ಯಾಯಿನಿ. “ಅವರ ಅಮ್ಮಂದ್ರು ಎಲ್ಲಿ? ಅವರ್ನ ತೋರಿಸ್ಲೇ ಇಲ್ಲ.” ತಿರುಮಲೇಶ ರೀಲು ಸುತ್ತುತ್ತಾ, “ಅದು ಈ ಕಡೆಯವರ ಪಿಕ್ಚರಮ್ಮ” ಎಂದ. “ಆ ಕಡೆ ಮನೇಲೂ ಒಬ್ಬ ಹಿಂಗೆ ತಟ್ಟೆ ಮುಂದೆ ಕೂತಿರ್ತಾನೆ” ಎಂದು ಬುಟ್ಟಿ ಎತ್ತಿಕೊಂಡಳು.

ಬನಶಂಕರಿ ಗುಡಿಯ ದಾರಿಯವರೆಗೂ ಅವಳ ಜೊತೆ ನಡೆದೆ. ನನ್ನ ಕಥೆ ಸುಳ್ಳು ಎಂದು ಹೇಳಿಬಿಡಲು ಅಷ್ಟು ದೂರ ಸಾಕಾಗಿತ್ತು. ಹೇಳಲಾಗಲಿಲ್ಲ. ಹೇಳಿದರೆ ಅವಳ ಕೈಯಲ್ಲಿ ಏನು ಉಳಿಯುತ್ತದೆ? ಅವಳು ಕತ್ತರಿಗುಪ್ಪೆಯ ಕಡೆಗೆ ಇಳಿದು ಹೋದಳು. ನಾನು ವಾಪಸು ಬಂದು ದೀಪ ಹಚ್ಚದೆ ಕೂತೆ.

ಸಂಕ್ರಾಂತಿಗೆ ಎಳ್ಳುಬೆಲ್ಲ ಕಳುಹಿಸಿದ್ದೇನೆ. ತಲುಪಿದರೆ ಒಂದು ಸಾಲು ಬರೆ.

ಗಂಗಾಧರಯ್ಯ


ಜಯನಗರ
೨೩ ಜನವರಿ ೧೯೬೫

ರೇವಣಸಿದ್ದಪ್ಪನೋರಿಗೆ,

ನಾನು ಹೊಸಕೆರೆಹಳ್ಳಿ ಮುನಿವೆಂಕಟಮ್ಮ ಹೇಳ್ತಿರೋದು, ಬರೀತಿರೋದು ಕಾತ್ಯಾಯಿನಮ್ಮ. ಹೇಳಿದ್ದು ಹೇಳ್ದಂಗೆ ಬರಿ ತಾಯಿ, ನೀನ್ ಚಂದ ಮಾಡ್ಬೇಡ ಅಂತ ಮೊದಲೇ ಹೇಳಿದೀನಿ. ನಿಮ್ ಅಪ್ಪಾಜಿಗೆ ಈ ಕಾಗದದ ಸುದ್ದಿ ಬ್ಯಾಡ.

ನೀನು ಊರಿಗೆ ಬರದೆ ಇರೋದು ನನ್ನಿಂದ ಅಂತ ನಂಗೊತ್ತು. ನೀನು ಅಂತೀನಿ, ತಪ್ಪು ತಿಳೀಬ್ಯಾಡ, ನೀನೂ ಬೈರನೂ ಒಂದೇ ತಟ್ಟೇಲಿ ನನ್ ಕೈಲಿ ಉಂಡಿದೀರ.

ಅವತ್ತು ಆ ಸ್ಟೇಜ್ ಮ್ಯಾಲೆ ಸ್ವಾಮಿಯೋರು ಹೇಳಿದ್ದು ಸುಳ್ಳು ಅಂತ ಅವತ್ತೇ ಗೊತ್ತಾಯ್ತು. ನನ್ ಮಗ ಉಪ್ಪು ಬೇಕಾದ್ರೂ ಬಾಯಿ ಬಿಡ್ತಿರಲಿಲ್ಲ, ತಟ್ಟೆ ಮುಂದಕ್ಕೆ ತಳ್ತಿದ್ದ. ಇಪ್ಪತ್ತು ವರ್ಷ ಬದುಕಿದ್ದಾಗ ಆಡದೆ ಇದ್ದಷ್ಟು ಮಾತು ಸಾಯೋ ಹೊತ್ನಲ್ಲಿ ಆಡಿದ್ನಾ? ಹಾಲಿನ ಋಣ ಅಂತೆ. ಅವನು ಕುಡಿದಿದ್ದು ಮೂರೇ ತಿಂಗಳು, ನಂಗೆ ಹಾಲೇ ಬತ್ತೋಗಿತ್ತು, ಮ್ಯಾಕೆ ಹಾಲಲ್ಲಿ ಬೆಳೆದ.

ಮತ್ತೆ ಆ ಕತೆ ಕೇಳಕ್ಕೆ ಯಾಕ್ ಹೋಗ್ತೀಯ ಅಂತ ಕೇಳ್ತಿದಾಳೆ ಕಾತ್ಯಾಯಿನಮ್ಮ. ಊರಲ್ಲಿ ಬೈರ ಅಂದ್ರೆ ಎಲ್ಲಾ ಮಾತು ಬದಲಾಯಿಸ್ತಾರೆ. ಅವರಪ್ಪ ಎದ್ದು ಹೊಲದ ಕಡೆ ಹೊರಟೋಗ್ತಾರೆ. ಮಿಲಿಟ್ರಿಯೋರ ಕಾಗದದಲ್ಲಿ ನಂಬರ್ ಹಾಕಿದ್ರು. ಸ್ವಾಮಿಯೋರ ಮನೇಲಿ ಮಾತ್ರ ಅವನ ಹೆಸರು ಬೀದಿಗೆಲ್ಲ ಕೇಳೋ ಹಂಗೆ ಕೂಗ್ತಿದ್ರು, ಬೈರಣ್ಣ ಅಂತ. ಕತೆ ಅತ್ಲಾಗಿರಲಿ, ಆ ಹೆಸರು ಕೇಳಕ್ಕೆ ಹೋಗ್ತಿದ್ದೆ. ಇನ್ನೊಂದು, ಅವರು ಒಬ್ರೇ ಇದಾರೆ. ಅಷ್ಟು ದೊಡ್ಡ ಗಂಟ್ಲು ಇಟ್ಕೊಂಡು ಕೇಳೋರಿಲ್ಲದೆ ಹ್ಯಾಗೆ ಇರ್ತಾರೆ ಪಾಪ.

ಈಗ ಗಂಟ್ಲು ಕೆಟ್ಟಿದೆ ಅಂತಾರೆ. ಗಂಟ್ಲಲ್ಲ ಕೆಟ್ಟಿರೋದು. ಆ ಪಿಕ್ಚರ್ ನೋಡ್ದಾಗಿಂದ ಅವರಿಗೆ ಏನೋ ಆಗಿದೆ. ನಾನೂ ಒಂದ್ ನೋಡ್ದೆ. ಒಬ್ಬ ಹುಡುಗ ಬಂದು ಉಂಡು ಹೋದ. ಆ ತಾಯಿ ಏನೂ ಕೇಳಲಿಲ್ಲ. ನಂಗೆ ಹೊಟ್ಟೆ ಉರೀತು. ಅವಳಿಗೆ ಬಂದು ಉಣ್ಣೋರಾದ್ರೂ ಬಂದ್ರು.

ನೀನು ಬಾ. ನಾನು ಕೇಳಲ್ಲ. ನೀನಾಗಿ ಹೇಳಿದ್ರೆ ಎಂಥದ್ದಾದ್ರೂ ಕೇಳಿಸ್ಕೋತೀನಿ. ಹೇಳದೆ ಇದ್ರೆ ಉಂಡು ಹೋಗು. ಅವರೆಕಾಯಿ ಮುಗಿಯೋ ಮುಂಚೆ ಬಾ.

ಮುನಿವೆಂಕಟಮ್ಮ (ಹೆಬ್ಬೆಟ್ಟು)


ಜಬಲ್ಪುರ
೮ ಫೆಬ್ರವರಿ ೧೯೬೫

ಅಪ್ಪಾ,

ಎಳ್ಳುಬೆಲ್ಲ ತಲುಪಿತು. ನಿಮ್ಮ ನವೆಂಬರಿನ ಪತ್ರಕ್ಕೆ ಉತ್ತರ: ಇಲ್ಲ, ಮರೆತಿರಲಿಲ್ಲ.

ಶಿವರಾತ್ರಿಗೆ ಮೊದಲು ಬರುತ್ತೇನೆ. ಸ್ಟೇಷನ್ನಿಗೆ ಯಾರೂ ಬರುವುದು ಬೇಡ. ಹಾರ ಬೇಡ. ಯಾರಿಗೂ ತಿಳಿಸಬೇಡಿ.

ರೇವಣಸಿದ್ದಪ್ಪ


ಜಯನಗರ
೭ ಮಾರ್ಚ್ ೧೯೬೫

ರೇವಣ್ಣ,

ನೀನು ರೈಲು ಹತ್ತಿ ಐದಾರು ದಿನವಾಯಿತು. ಇಲ್ಲಿದ್ದಷ್ಟು ದಿನ ನಾವಿಬ್ಬರೂ ಆಡಿದ ಮಾತುಗಳನ್ನು ಕೂಡಿಸಿದರೆ ನಾಟಕದ ಒಂದು ದೃಶ್ಯಕ್ಕೂ ಸಾಲದು. ಸಕ್ಕರೆ ಸಾಕಾ ಎಂದೆ ನಾನು, ಸಾಕು ಎಂದೆ ನೀನು. ಹೊದಿಕೆ ಬೇಕಾ ಎಂದೆ, ಬೇಡ ಎಂದೆ. ನನಗೆ ಅಷ್ಟೂ ಹಬ್ಬವೇ.

ನೀನು ಹೊಸಕೆರೆಹಳ್ಳಿಗೆ ಹೊರಟಾಗ ನಾನು ಹಿಂದೆ ಬಂದದ್ದು ನಿನಗೆ ಗೊತ್ತಿತ್ತೋ ಇಲ್ಲವೋ. ಕೆರೆ ಏರಿಯ ಮೇಲೆ ನಿಂತೆ. ನೀನೂ ಮುನಿವೆಂಕಟಮ್ಮನೂ ತೂಬಿನ ಹತ್ತಿರ ಹುಲ್ಲಿನ ಮೇಲೆ ಕೂತಿದ್ದಿರಿ. ಬಹಳ ಹೊತ್ತು ನೀನು ನೀರಿನ ಕಡೆಗೇ ನೋಡುತ್ತಿದ್ದೆ. ಆಮೇಲೆ ನಿನ್ನ ತುಟಿ ಅಲ್ಲಾಡಿದ್ದು ಕಾಣಿಸಿತು. ನನ್ನ ಕಿವಿ ಮೂರನೆಯ ಪರದೆಯ ಹಿಂದಿನ ಪಿಸುಮಾತನ್ನೂ ಹಿಡಿಯುವಂಥದ್ದು. ಆದರೂ ಒಂದು ಹೆಜ್ಜೆ ಹತ್ತಿರ ಬರಲಿಲ್ಲ. ಇದೊಂದನ್ನು ನನ್ನ ಲೆಕ್ಕಕ್ಕೆ ಬರೆದುಕೊ. ಅವಳು ನಿನ್ನ ತಲೆ ಮುಟ್ಟಲಿಲ್ಲ, ಅಳಲಿಲ್ಲ. ಎದ್ದು ನಿಂತು ಸೀರೆಯ ಹುಲ್ಲು ಕೊಡವಿ ಮನೆಯ ಕಡೆ ನಡೆದಳು, ನೀನು ಅವಳ ಹಿಂದೆ ನಡೆದೆ. ನಾನು ಏರಿಯಿಂದ ಇಳಿದು ವಾಪಸು ಬಂದೆ.

ನಿನ್ನೆ ಶನಿವಾರ ಬಂದಳು. ಇನ್ನು ಬರುವುದಿಲ್ಲ ಎಂದುಕೊಂಡಿದ್ದೆ. ಇಡೀ ಬೆಳಗ್ಗೆ ಗೇಟಿನ ಹತ್ತಿರವೇ ಸುಳಿದಾಡುತ್ತಿದ್ದೆ. ಬಂದು ಕೂತು ಅವಳೇ ಹೇಳಿದಳು, ಎಲೆ ಮಡಿಸುತ್ತಾ, ಸೊಪ್ಪಿನ ಬೆಲೆ ಹೇಳುವ ಧ್ವನಿಯಲ್ಲಿ.

“ಬೈರಂಗೆ ಕಾಲು ಹೋಗಿತ್ತಂತೆ ಸ್ವಾಮಿ. ಸೈನ್ಯ ಹಿಂದಕ್ಕೆ ಬರೋವಾಗ ನಿಮ್ಮಗ ಒಂದಿನ ಎಲ್ಲಾ ಹೊತ್ಕೊಂಡ್ ಕಾಡಲ್ಲಿ ನಡೆದ್ನಂತೆ. ಆಮೇಲೆ ಇವನ ಕೈಲಿ ಆಗಲಿಲ್ಲವಂತೆ. ಒಂದು ಮರದ ಹತ್ರ ಕೂರಿಸಿ ನೀರಿನ ಸೀಸೆ ಕೊಟ್ಟು ಬಂದ್ನಂತೆ. ಜೀವ ಇತ್ತಂತೆ.”

“ಬೈರಣ್ಣ ಏನೂ ಹೇಳಲಿಲ್ಲವಂತಾ?” ಎಂದೆ.

“ಹೋಗು ಅಂತ ಕೈ ಮಾಡಿದ್ನಂತೆ. ಬಾಯಿ ಬಿಡಲಿಲ್ಲವಂತೆ. ಅದು ನನ್ ಮಗ. ಅದು ನಂಗೆ ಗುರುತು ಸಿಕ್ತು.”

ನೀನು ಅವಳ ಮನೆಯಲ್ಲಿ ಉಂಡೆಯಾ ಎಂದು ಅವಳನ್ನು ಕೇಳಿದೆ, ಬೇರೆ ಏನು ಕೇಳಬೇಕೆಂದು ತಿಳಿಯದೆ. “ಎರಡ್ ಮುದ್ದೆ” ಎಂದಳು. “ಮೂರನೇದು ಬ್ಯಾಡ ಅಂದ, ನಾನು ಹಾಕ್ದೆ.”

ನನ್ನ ಹಳೆಯ ಕಥೆಯ ಮಾತು ಅವಳೂ ಎತ್ತಲಿಲ್ಲ, ನಾನೂ ಎತ್ತಲಿಲ್ಲ. ಮೊದಲಿನಿಂದಲೂ ಅವಳಿಗೆ ಗೊತ್ತಿತ್ತೇನೋ ಎಂಬ ಅನುಮಾನ ಈಗ ಹುಟ್ಟಿದೆ. ಕೇಳುವ ಧೈರ್ಯವಿಲ್ಲ. ಆಮೇಲೆ ಅವಳು ಬೈರಣ್ಣ ಚಿಕ್ಕವನಿದ್ದಾಗ ಕೆರೆಯ ಕೊಕ್ಕರೆಯೊಂದರ ಮುರಿದ ರೆಕ್ಕೆಗೆ ಬಟ್ಟೆ ಕಟ್ಟಿ ಅಟ್ಟದ ಮೇಲೆ ಬಚ್ಚಿಟ್ಟಿದ್ದು, ಅದು ರಾತ್ರಿಯೆಲ್ಲ ಅರಚಿದ್ದು ಹೇಳಿದಳು. ಒಂದೂವರೆ ವರ್ಷ ಆ ಹುಡುಗನ ಸಾವನ್ನು ಹಾಡಿ ಕುಣಿದ ನನಗೆ ಅವನ ಬಗ್ಗೆ ಈ ಒಂದು ಸಂಗತಿಯೂ ತಿಳಿದಿರಲಿಲ್ಲ. ಅವಳು ಹೇಳುತ್ತಿದ್ದಳು, ನಾನು ಕೆಳಗಿನ ಮೆಟ್ಟಿಲಲ್ಲಿ ಕೂತು ಕೇಳುತ್ತಿದ್ದೆ.

ಈ ಮಾತುಗಳನ್ನು ನೀನು ಅವಳಿಗೆ ಹೇಳಿದೆ, ನನಗೆ ಹೇಳಲಿಲ್ಲ. ಅದು ಸರಿಯಾಗಿಯೇ ಇದೆ. ನನಗೆ ತಿಳಿಯಿತು ಎಂದು ನಿನಗೆ ತಿಳಿದಿರಲಿ ಎಂದಷ್ಟೇ ಬರೆದೆ.

ಅಪ್ಪ


ಜಯನಗರ
೧೨ ಸೆಪ್ಟೆಂಬರ್ ೧೯೬೫

ರೇವಣ್ಣ,

ನಿನ್ನ ಪತ್ರ ಆಗಸ್ಟಿನ ಮೊದಲ ವಾರದ್ದು. ಆಮೇಲೆ ಯುದ್ಧ ಶುರುವಾಯಿತು. ನೀನು ಎಲ್ಲಿದ್ದೀಯೋ ತಿಳಿಯದು, ಹಳೆಯ ವಿಳಾಸಕ್ಕೇ ಬರೆಯುತ್ತಿದ್ದೇನೆ. ಅವರು ಮುಂದೆ ಕಳುಹಿಸುತ್ತಾರಂತೆ.

ತಿರುಮಲೇಶನ ಜಗುಲಿಯಲ್ಲಿ ದಿನವೂ ರೇಡಿಯೋ ಸುತ್ತ ಜನ. ಅಷ್ಟು ಟ್ಯಾಂಕು ಬಿತ್ತು ಎಂದರೆ ಚಪ್ಪಾಳೆ. ನಿನ್ನೆ ಯುವಕ ಸಂಘದವರು ಬಂದಿದ್ದರು, ರೇವಣಸಿದ್ದಪ್ಪನ ತಂದೆಯ ಮನೆ ಇದೇನಾ ಎಂದು ಕೇಳಿಕೊಂಡು. ಮಾರ್ಕೆಟ್ ಮೈದಾನದಲ್ಲಿ ಸಭೆಯಂತೆ.

“ಮೈಕ್ ಸಿಕ್ಕಿಲ್ಲ ಸಾರ್. ನಿಮ್ಮ ವಾಯ್ಸ್ ಬೇಕು. ನಿಮ್ಮಗನೇ ಬಾರ್ಡರಲ್ಲಿದ್ದಾನೆ, ಅವನು ಹೆಂಗ್ ಹೊಡೀತಿದ್ದಾನೆ ಅಂತ ನೀವಲ್ಲದೆ ಇನ್ಯಾರ್ ಹೇಳ್ಬೇಕು?”

“ಅವನು ಏನು ಮಾಡುತ್ತಿದ್ದಾನೆಂದು ನನಗೆ ಗೊತ್ತಿಲ್ಲಪ್ಪ” ಎಂದೆ.

“ಗೊತ್ತಿಲ್ದಿದ್ರೇನ್ ಸಾರ್, ನೀವು ಹೇಳಿದ್ರೆ ಜನ ನಂಬ್ತಾರೆ.”

“ಅದಕ್ಕೇ ಬರುವುದಿಲ್ಲ” ಎಂದೆ.

ಅವರಿಗೆ ಬೇಸರವಾಯಿತು. ಒಬ್ಬ ಹೋಗುತ್ತಾ, “ವಯಸ್ಸಾಯ್ತು, ಪುಕ್ಕಲು ಬಂದಿದೆ” ಎಂದ. ನಿಜ, ಬಂದಿದೆ.

ಮುನಿವೆಂಕಟಮ್ಮ ಇದ್ದಳು. ಸಭೆಯ ಗದ್ದಲ ಇಲ್ಲಿಯವರೆಗೂ ಕೇಳಿಸುತ್ತಿತ್ತು. ಅವಳು ಕತ್ತಲಾಗುವವರೆಗೂ ಎದ್ದು ಹೋಗಲಿಲ್ಲ. ಹೊರಡುವಾಗ, “ಹೊಟ್ಟೆಗೆ ಏನ್ ತಿಂದ ಅಂತ ಕೇಳಿ ಬರೀರಿ, ಬೇರೆ ಏನೂ ಬರೀಬ್ಯಾಡಿ” ಎಂದಳು.

ಹೊಟ್ಟೆಗೆ ಏನು ತಿಂದೆ ಎಂದು ಬರೆ.

ಈ ಹಾಳೆಯಲ್ಲಿ ಅರ್ಧ ಖಾಲಿ ಉಳಿದಿದೆ. ತುಂಬುವಷ್ಟು ಮಾತು ನನ್ನಲ್ಲಿ ಯಾವತ್ತೂ ಇರುತ್ತದೆ, ನಿನಗೆ ಗೊತ್ತು. ಹಾಗೆಯೇ ಬಿಟ್ಟಿದ್ದೇನೆ. ಅಲ್ಲಿ ಕಾಗದ ಸಿಗುತ್ತದೋ ಇಲ್ಲವೋ, ಇದರಲ್ಲೇ ಬರೆದು ತಿರುಗಿ ಕಳುಹಿಸು.

ಅಪ್ಪ